ಆಸರಿಗೆ ಏನು ಬೇಕು?

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಹೇಳಲಾಗದ್ದನ್ನು ನಾಲ್ಕು ಜನ ಓದುವಲ್ಲಿ ಬರೆಯುತ್ತಿದ್ದೇನೆಂದು ಬೇಸರಪಡಬೇಡ. ನಿನ್ನೊಬ್ಬನಿಗೇ ಬರೆಯಲು ಕುಳಿತಾಗಲೆಲ್ಲ ಅರ್ಧಕ್ಕೆ ಅಳಿಸಿದ್ದೇನೆ.

ನಿಮ್ಮ ಶಿರಸಿಯ ಮನೆಗೆ ನಾನು ಮೊದಲ ಸಲ ಬಂದ ಮಳೆಗಾಲದ ರಾತ್ರಿ ನೀನಿನ್ನೂ ಧಾರವಾಡದಿಂದ ಬಂದಿರಲಿಲ್ಲ. ಕೊನೆಯ ಬಸ್ಸಿಳಿದು ಹೇಳದೆ ಕೇಳದೆ ಬಂದ ನನಗೆ ನಿನ್ನಪ್ಪ, ಹೆಸರು ಕೇಳುವ ಮೊದಲೇ, ಕಾಲಿಗೆ ತಂಬಿಗೆ ನೀರು ಕೊಟ್ಟು "ಆಸರಿಗೆ ಏನು ಬೇಕು?" ಎಂದರು. ಬಾಯಾರಿಕೆಗೆ ಕುಡಿಯಲು ಏನು ಬೇಕೆಂದು ನಿಮ್ಮ ಕಡೆ ಕೇಳುವ ರೀತಿ ಅದು. ತಟ್ಟೆಯಲ್ಲಿಟ್ಟ ಬೆಲ್ಲದ ಚೂರಿಗೆ ಅಂಟಿದ್ದ ಇರುವೆಯೊಂದನ್ನು ಬೆರಳ ತುದಿಯಿಂದ ಮೆಲ್ಲನೆ ಬಿಡಿಸಿ ಜಗಲಿಯ ಮೇಲೆ ಬಿಟ್ಟದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ಬರುವ ತಿಥಿ ತಿಳಿಸದವನೇ ಅತಿಥಿ ಎಂದು ಹಿರಿಯರು ಹೇಳುವ ಅರ್ಥ ನನಗೆ ತಿಳಿದದ್ದು ಅಂದು.

ಕಳೆದ ತಿಂಗಳು ಅವರು ಆಸ್ಪತ್ರೆಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಬೆಳಗಿನ ಜಾವ ಮೆಜೆಸ್ಟಿಕ್‌ನಿಂದ ಫೋನು ಮಾಡಿದರು. ಒಳ್ಳೆಯ ಲಾಡ್ಜಿನಲ್ಲಿ ರೂಮು ಮಾಡಿಸಿ, ಎರಡು ದಿನದ ಬಾಡಿಗೆ ಕಟ್ಟಿ, ಊಟ ಕಳಿಸಿದೆ. ಅದಕ್ಕೇ ನೀನು ನನಗೆ ಉಪಕಾರವಾಯಿತು ಎಂದದ್ದು. ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ ಎಂದು ನಾನು ಅವರಿಗೆ ಹೇಳಿದ್ದು ಸುಳ್ಳು. ಹಿಂದಿನ ಕೋಣೆ ಖಾಲಿಯೇ ಇತ್ತು. ಅವರ ಕೆಮ್ಮಿಗೆ ನಮ್ಮೆಲ್ಲರ ನಿದ್ದೆ ಕೆಟ್ಟೀತೆಂಬುದಷ್ಟೇ ಕಾರಣ.

"ಕುಳ್ಳಿರೆಂದಡೆ ನೆಲ ಕುಳಿಹೋಹುದೆ" ಎಂದು ಬಸವಣ್ಣನವರು 12ನೇ ಶತಮಾನದಲ್ಲಿಯೇ ಕೇಳಿದ್ದಾರೆ. ಬಂದವರ ಕ್ಷೇಮ ಕೇಳುವುದು, ಕುಳ್ಳಿರಿ ಎನ್ನುವುದು, ಒಡನೆ ಮಾತನಾಡುವುದು, ಕೊಡಲು ಏನೂ ಇಲ್ಲದವನೂ ಇಷ್ಟನ್ನು ಮಾಡಬಹುದೆಂಬುದು ಆ ವಚನದ ಮಾತು. ನನ್ನಲ್ಲಿ ಕೊಡುವುದಕ್ಕೆ ಇತ್ತು, ಕೊಟ್ಟೆ. ಕುಳ್ಳಿರಿ ಎಂಬ ಮಾತೊಂದೇ ನನ್ನ ಬಾಯಿಂದ ಬರಲಿಲ್ಲ.

ಊರಿಗೆ ಹೊರಡುವ ಸಂಜೆ ಅವರು ನಮ್ಮ ಗೇಟಿನವರೆಗೆ ಬಂದು, ಕಾವಲುಗಾರನ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಕೊಟ್ಟು ಹೋಗಿದ್ದರು. ಬಣ್ಣ ಹೊಡೆಸುವ ಗಡಿಬಿಡಿಯಲ್ಲಿ ತೊಂದರೆ ಕೊಡುವುದು ಬೇಡ ಎಂದರಂತೆ. ಆ ಡಬ್ಬಿಯನ್ನು ನಾನಿನ್ನೂ ತೆರೆದಿಲ್ಲ.

ಇಷ್ಟೆಲ್ಲ ಬರೆಯುತ್ತೇನೆಂದು ಕುಳಿತವನಲ್ಲ, ಸಾಕು. ಮುಂದಿನ ತಪಾಸಣೆಗೆ ಅಪ್ಪ, ಆಯಿ ಇಬ್ಬರನ್ನೂ ನೇರವಾಗಿ ಮನೆಗೇ ಕಳಿಸು, ದಿನ ತಿಳಿಸಬೇಕಾಗಿಲ್ಲ. ಬೆಲ್ಲ ತಂದಿಟ್ಟಿದ್ದೇನೆ. ನೀನೂ ಬಾ, ಆದರೆ ಏಳನೆಯ ತೆಳ್ಳೇವು ದೋಸೆಯ ಸಂಗತಿಯನ್ನು ನನ್ನ ಮಕ್ಕಳೆದುರು ಎತ್ತಬಾರದು.

ನಿನ್ನವ