ಹುಬ್ಬಿನ ಮಾತು ಚಾಟ್‌ಬಾಟ್‌ಗೆ ತಿಳಿಯುತ್ತಾ?

ಸಂಪಾದಕರೇ,

ಕೆನಡಾದ ಉತ್ತರ ತುದಿಯ ಮೂಲನಿವಾಸಿಗಳಾದ ಇನೂಯಿಟ್ ಜನರ ಊರುಗಳಲ್ಲಿ ಆತ್ಮಹತ್ಯೆ ತಡೆಯಲು ಚಾಟ್‌ಬಾಟ್‌ನಂಥ ಎಐ ಬಳಸುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ನಾನು ಒಟ್ಟಾವಾದಲ್ಲಿ ನರ್ಸ್. ಇನೂಯಿಟ್ ಜನರೇ ಹೆಚ್ಚಿರುವ ಉತ್ತರದ ನುನಾವುಟ್ ಪ್ರಾಂತ್ಯದ ಪೂರ್ವ ಭಾಗದ ರೋಗಿಗಳು ದೊಡ್ಡ ಚಿಕಿತ್ಸೆಗೆ ವಿಮಾನ ಹತ್ತಿ ಇಲ್ಲಿಗೇ ಬರುತ್ತಾರೆ. ಅಲ್ಲಿನ 25 ಊರುಗಳಿಗೆ ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಗೆ ‘ನೋವಿದೆಯಾ’ ಎಂದು ಮೂರು ಸಲ ಕೇಳಿದೆ. ಅಜ್ಜಿ ಸುಮ್ನೆ ನನ್ನ ಮುಖ ನೋಡಿದರು. ಮೊಮ್ಮಗಳು ನಕ್ಕು, ‘ಮೂರು ಸಲವೂ ಹೌದು ಅಂದರಲ್ಲ!’ ಎಂದಳು. ಅವರಲ್ಲಿ ಹುಬ್ಬು ಏರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ನಾವು ತಲೆ ಅಲ್ಲಾಡಿಸಿದ್ದು ಇಲ್ಲಿಯವರಿಗೆ ಅರ್ಥವಾಗಲ್ಲ, ಅಲ್ವಾ, ಹಾಗೇ. ಟೈಪ್ ಮಾಡಿದ್ದನ್ನಷ್ಟೇ ಓದುವ ಚಾಟ್‌ಬಾಟ್ ಇಂಥವರ ಸಂಕಟ ಹಿಡಿಯುತ್ತದೆ ಅಂದರೆ ಹೇಗೆ ನಂಬಲಿ?

ಎಐ ಬೇಡವೇ ಬೇಡ ಅನ್ನುತ್ತಿಲ್ಲ. 2021ರಲ್ಲಿ ಮೈಕ್ರೋಸಾಫ್ಟ್ ನುನಾವುಟ್ ಸರ್ಕಾರದ ಜೊತೆ ಸೇರಿ ತನ್ನ ಅನುವಾದ ಸಾಧನಕ್ಕೆ ಅವರ ಇನುಕ್ಟಿಟುಟ್ ಭಾಷೆ ಸೇರಿಸಿತು. ‘ನನಗೆ ಅಷ್ಟು ಸರಿಯಾಗಿ ಕೇಳಿಸಲ್ಲ’ ಅನ್ನುವುದು ಆ ಭಾಷೆಯಲ್ಲಿ ಒಂದೇ ಪದ, ಹಾಗಾಗಿ ಅದು ಸಣ್ಣ ಕೆಲಸವಲ್ಲ. ನರ್ಸ್‌ಗಳು ಕೆಲವು ವಾರಕ್ಕೆಂದು ಬಂದು ಹೋಗುವ ಊರಲ್ಲಿ, ಎಐ ಹಿಂದಿನವರ ಟಿಪ್ಪಣಿ ಜೋಡಿಸಿ, ಯಾರನ್ನು ಮತ್ತೆ ವಿಚಾರಿಸಬೇಕು ಎಂದು ಹೊಸಬರಿಗೆ ನೆನಪಿಸಲಿ, ಖಂಡಿತ ಬೇಕು. ಆದರೆ ಹುಡುಗರ ಫೇಸ್‌ಬುಕ್ ಜಾಲಾಡಿ ‘ಇವನಿಗೆ ಅಪಾಯ’ ಎಂದು ಪಟ್ಟಿ ಮಾಡಿದರೆ, ಆ ಪಟ್ಟಿ ಯಾರ ಕೈಗೆ ಹೋಗುತ್ತೆ? ಹಿಮಗಾಳಿಗೆ ವಿಮಾನ ನಿಂತ ರಾತ್ರಿ ಅವನ ಬಾಗಿಲು ತಟ್ಟುವವರು ಯಾರು? ಕೆಲವೇ ನೂರು ಜನರ ಊರಲ್ಲಿ ಹೆಸರು ಅಳಿಸಿದರೂ ಯಾರೆಂದು ತಿಳಿದೇ ತಿಳಿಯುತ್ತೆ.

ಹಿಂದೆ ಸರ್ಕಾರ ಇನೂಯಿಟ್ ಮಕ್ಕಳನ್ನು ಮನೆಯಿಂದ ಒಯ್ದು ವಸತಿ ಶಾಲೆಗೆ ಹಾಕಿದ್ದು, 1953ರಲ್ಲಿ ಸಂಸಾರಗಳನ್ನು ಹಡಗು ಹತ್ತಿಸಿ ದೂರದ ಉತ್ತರಕ್ಕೆ, ಗ್ರೀಸ್ ಫಿಯರ್ಡ್ ಕಡೆಗೆ ಸಾಗಿಸಿದ್ದು, ಎರಡೂ ‘ನಿಮ್ಮ ಒಳ್ಳೆಯದಕ್ಕೇ’ ಎಂದೇ. ಈಗ ಅದೇ ಮಾತು ಹೇಳಿ ಮಾಹಿತಿ ಕೇಳಿದರೆ ಅವರು ಹಿಂಜರಿಯದೆ ಇನ್ನೇನು ಮಾಡಿಯಾರು? ಇನೂಯಿಟ್ ತಪಿರೀತ್ ಕನಾತಮಿ ಎಂಬ ಅವರದೇ ಸಂಸ್ಥೆ 2016ರಲ್ಲೇ ಆತ್ಮಹತ್ಯೆ ತಡೆಯ ಯೋಜನೆ ಬರೆದಿಟ್ಟಿದೆ. ಅವರಲ್ಲಿ ಆತ್ಮಹತ್ಯೆಯ ಪ್ರಮಾಣ ಕೆನಡಾದ ಒಟ್ಟು ಪ್ರಮಾಣದ 5ರಿಂದ 25 ಪಟ್ಟು ಎಂದು ಅದರಲ್ಲಿದೆ. ಎಐ ಮಾಡುವವರು ಮೊದಲು ಅದನ್ನು ಓದಲಿ.

ಬೆಂಗಳೂರಿನಲ್ಲಿರುವ ನನ್ನ ತಂಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕೆನಡಾದ 988 ಸಹಾಯವಾಣಿ 2023ರಲ್ಲಿ ಶುರುವಾದಾಗ ಇದ್ದದ್ದು ಇಂಗ್ಲಿಷ್, ಫ್ರೆಂಚ್ ಎರಡೇ. ಚಾಟ್‌ಬಾಟ್‌ಗೆ ದುಡ್ಡು ಸುರಿಯುವ ಮೊದಲು, ಆ ಅಜ್ಜಿಯ ಭಾಷೆ ಬಲ್ಲ ನಾಲ್ಕು ಜನರನ್ನು ರಾತ್ರಿ ಪಾಳಿಗೆ ಕೂರಿಸಲಿ.

– ನಿಮ್ಮ ಹಳೆಯ ಓದುಗ, ಒಟ್ಟಾವಾ