ಮಗಳಿಗೊಂದು ಪತ್ರ: ಆ ಕಾರ್ಡು ಮಾತ್ರ ಮಾರುವುದಿಲ್ಲ

ಪಿಟ್ಸ್‌ಬರ್ಗ್, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಡೆದ ಮಾತನ್ನು ಮತ್ತೆ ಎತ್ತುವುದಿಲ್ಲ. ಅಮ್ಮ ಇನ್ನೂ ಸಿಟ್ಟಿನಲ್ಲೇ ಇದ್ದಾಳೆ, ಆದರೆ ಇವತ್ತು ಬೆಳಿಗ್ಗೆಯಿಂದ ಚಟ್ನಿಪುಡಿಗೆ ಕಡಲೆಬೇಳೆ ಹುರಿಯುತ್ತಿದ್ದಾಳೆ. ಚಂಡಮಾರುತ ಬಡಿದ ಆ ದ್ವೀಪಕ್ಕೆ ಸೇವೆಗೆ ನೀನು ಹೊರಡುವುದನ್ನು ಅವಳು ಒಪ್ಪಿಕೊಂಡಿದ್ದಾಳೆ ಅಂತ ಇಷ್ಟರಲ್ಲೇ ತಿಳಿದುಕೋ.

ಮೊದಲು ನೀನು ಕೇಳಿದ ವಿಷಯ, ನಮ್ಮ ಬೇಸ್‌ಬಾಲ್ ಕಾರ್ಡುಗಳನ್ನು ಮಾರಿ ನಿನ್ನ ಬಾಡಿಗೆ ಕಟ್ಟಬಹುದಾ ಅಂತ. ಕಾರ್ಡಿನ ಡಬ್ಬಗಳನ್ನೆಲ್ಲ ಕೆಳಗಿಳಿಸಿ ನೋಡಿದೆ. ಸಂಬಳವಿಲ್ಲದ ತಿಂಗಳುಗಳ ಬಾಡಿಗೆಗೆ ಅವುಗಳಿಂದ ಆಗುವಷ್ಟು ಹುಟ್ಟುವುದಿಲ್ಲ. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು, ನಮ್ಮ ಊರಿನ ತಂಡಕ್ಕೇ ಆಡಿದ ಹೋನಸ್ ವ್ಯಾಗ್ನರ್ ಅವರ ಸಿಗರೇಟು ಪ್ಯಾಕಿನ ಕಾರ್ಡು ಅದೇ ವರ್ಷ 72.5 ಲಕ್ಷಕ್ಕೆ. ಅವೆರಡೂ ನಮ್ಮಲ್ಲಿಲ್ಲ. ಇರುವುದರಲ್ಲಿ ಮುಕ್ಕಾಲು ಪಾಲು 1980ರ ದಶಕದ ಕೊನೆಯವು. ಆಗ ಕಂಪನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದವು, ಎಲ್ಲರೂ ಜೋಪಾನ ಮಾಡಿಟ್ಟುಕೊಂಡರು, ಹಾಗಾಗಿ ಇವತ್ತು ಕೇಳುವವರಿಲ್ಲ. ಹಳೆಯವುಗಳ ಮೂಲೆ ಸವೆದಿದೆ, ಮಡಿಕೆ ಬಿದ್ದಿದೆ. ನಿನಗೆ ಹೇಳಿಕೊಡಬೇಕಾಗಿಲ್ಲ, ಒಂದು ಮಡಿಕೆಗೆ ಬೆಲೆ ಎಲ್ಲಿಗೆ ಇಳಿಯುತ್ತದೆ ಅಂತ. ಎರಡೆರಡು ಇದ್ದವನ್ನು ಮಾರುತ್ತೇನೆ. ಬಾಡಿಗೆ ನಾನು ಕಟ್ಟುತ್ತೇನೆ, ಅದರ ಬಗ್ಗೆ ಚರ್ಚೆ ಬೇಡ.

ಪೋರ್ಟೊ ರಿಕೊದಿಂದ ಬಂದು ನಮ್ಮ ಊರಿನ ತಂಡಕ್ಕೆ ಆಡಿದ ರೊಬೆರ್ಟೊ ಕ್ಲೆಮೆಂಟೆ ಅವರ ಕಾರ್ಡುಗಳನ್ನು ಮಾತ್ರ ಮಾರುವುದಿಲ್ಲ. 1957ರಿಂದ 1969ರವರೆಗೆ ಟಾಪ್ಸ್‌ನವರು ಅವರ ಹೆಸರನ್ನು ಇಂಗ್ಲಿಷ್ ಮಾಡಿ 'ಬಾಬ್' ಅಂತ ಅಚ್ಚು ಹಾಕಿದ್ದಕ್ಕೆ ನೀನು ಅತ್ತು, ಪ್ರತಿಯೊಂದು ಪ್ಲಾಸ್ಟಿಕ್ ಲಕೋಟೆಯ ಮೇಲೂ ರೊಬೆರ್ಟೊ ಅಂತ ಚೀಟಿ ಬರೆದು ಅಂಟಿಸಿದ್ದೆ. ಚೀಟಿಗಳು ಇನ್ನೂ ಹಾಗೇ ಇವೆ. ಕೊನೆಯದು 1973ರದ್ದು, 50ನೇ ನಂಬರು. ಅದನ್ನು ನಿನ್ನೆ ರಾತ್ರಿಯಿಂದ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ.

ಆ ಕಾರ್ಡು ಅಂಗಡಿಗೆ ಬರುವ ಹೊತ್ತಿಗೆ ಅವರು ಬದುಕಿರಲಿಲ್ಲ. 1972ರ ಸೆಪ್ಟೆಂಬರ್ 30ರಂದು ಇದೇ ಊರಿನ ತ್ರೀ ರಿವರ್ಸ್ ಸ್ಟೇಡಿಯಮ್ಮಿನಲ್ಲಿ, ಮೆಟ್ಸ್ ತಂಡದ ಜಾನ್ ಮ್ಯಾಟ್ಲಾಕ್ ಎಸೆತಕ್ಕೆ ಡಬಲ್, ಅಂದರೆ ಎರಡನೇ ಬೇಸ್ ಮುಟ್ಟುವ ಹೊಡೆತ, ಹೊಡೆದು ಮೂರು ಸಾವಿರ ಹಿಟ್ ಮುಟ್ಟಿದರು. ಹದಿನೆಂಟು ಸೀಸನ್, ಒಂದೇ ತಂಡ, ಸರಿಯಾಗಿ 3,000. ಲೀಗಿನ ಲೆಕ್ಕದಲ್ಲಿ ಆಮೇಲೆ ಒಂದೂ ಸೇರಲಿಲ್ಲ.

ಡಿಸೆಂಬರ್ 23ಕ್ಕೆ ನಿಕರಾಗುವಾದ ಮನಾಗುವಾದಲ್ಲಿ ಭೂಕಂಪ. ಅದಕ್ಕೆ ಕೆಲವೇ ವಾರ ಮುಂಚೆ ಪೋರ್ಟೊ ರಿಕೊದ ಹವ್ಯಾಸಿ ತಂಡವನ್ನು ಕರೆದುಕೊಂಡು ಅಲ್ಲೇ ಇದ್ದು ಬಂದಿದ್ದರು, ಪರಿಚಯದ ಮುಖಗಳಿದ್ದವು. ಹಬ್ಬದ ದಿನಗಳನ್ನೆಲ್ಲ ಸಾಮಾನು ಕೂಡಿಸುವುದರಲ್ಲಿ ಕಳೆದರು. ಕಳಿಸಿದ್ದು ಜನರಿಗೆ ಮುಟ್ಟುತ್ತಿಲ್ಲ, ಅಲ್ಲಿನ ಸೈನಿಕರು ಹೊಡೆದುಕೊಳ್ಳುತ್ತಿದ್ದಾರೆ ಅಂತ ಸುದ್ದಿ ಬಂತು. ನಾನೇ ಹೋದರೆ ಮುಟ್ಟೀತು ಅಂತ ಡಿಸೆಂಬರ್ 31ರ ರಾತ್ರಿ ತಾವೇ ವಿಮಾನ ಹತ್ತಿದರು.

ಇಲ್ಲಿಯವರೆಗಿನದು ನಿನಗೆ ಬಾಯಿಪಾಠ, ನೀನೇ ಶಾಲೆಯಲ್ಲಿ ಭಾಷಣ ಮಾಡಿದ್ದೆ. ಆ ಭಾಷಣದಲ್ಲಿ ವಿಮಾನದ ಬಗ್ಗೆ ಒಂದೇ ಸಾಲಿತ್ತು. ನನ್ನ ತಲೆಯಲ್ಲಿ ಎರಡು ದಿನದಿಂದ ಓಡುತ್ತಿರುವುದು ಬರೀ ಆ ವಿಮಾನ. ಹಳೆಯ ಡಿಸಿ-7, ನಾಲ್ಕು ಎಂಜಿನ್ನಿನದು. ಅದೇ ತಿಂಗಳ ಮೊದಲಲ್ಲಿ ನೆಲದ ಮೇಲೆ ಓಡುವಾಗ ಚರಂಡಿಗೆ ಇಳಿದು ಪ್ರೊಪೆಲರ್‌ಗಳಿಗೆ ಪೆಟ್ಟು ಬಿದ್ದಿತ್ತು. ಅಂಥದ್ದರ ಮೇಲೆ ಮಿತಿ ಮೀರಿ ಸುಮಾರು ಎರಡು ಟನ್ ಹೆಚ್ಚು ಸಾಮಾನು ಹೇರಿದರು. ಯಾರದೋ ಮಕ್ಕಳಿಗೆ ಆಹಾರ, ಔಷಧಿ; ಯಾವುದನ್ನು ಇಳಿಸಿ ಅನ್ನುವುದು? ಪೋರ್ಟೊ ರಿಕೊದ ಸಾನ್ ಹುವಾನ್ ಬಿಟ್ಟು ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಐದು ಜನ. ಕ್ಲೆಮೆಂಟೆ ಅವರ ದೇಹ ಸಿಗಲೇ ಇಲ್ಲ. ತಂಡದ ಜೊತೆಗಾರ ಮ್ಯಾನಿ ಸಾಂಗಿಯೆನ್ ಸ್ಮರಣ ಸಭೆಗೂ ಬರದೆ, ಮುಳುಗುಗಾರರ ಜೊತೆ ಸಮುದ್ರಕ್ಕೆ ಇಳಿದು ಹುಡುಕಿದರು.

ಆ ರಾತ್ರಿ ವಿಮಾನದ ಪಕ್ಕ ನಿಂತು ಯಾರಾದರೂ ಒಬ್ಬರು, ಇದು ಹಾರುವ ಸ್ಥಿತಿಯಲ್ಲಿಲ್ಲ, ಬೆಳಿಗ್ಗೆ ನೋಡೋಣ ಅಂದಿದ್ದರೆ? ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಲೆಕ್ಕ ಕೇಳಲು ಜನಕ್ಕೆ ನಾಚಿಕೆ, ಪುಟ್ಟಿ. ನನಗೆ ಅದೇ ಭಯ. ನಿನ್ನ ಗುಂಪಿನವರು ಒಳ್ಳೆಯವರಿರಬಹುದು. ಒಳ್ಳೆಯವರೇ ಅವಸರ ಮಾಡುತ್ತಾರೆ. ಚಂಡಮಾರುತ ಬಡಿದ ದ್ವೀಪಕ್ಕೆ ದೊಡ್ಡ ವಿಮಾನ ಇಳಿಯುವುದಿಲ್ಲ, ಕೊನೆಯ ದಾರಿ ಚಿಕ್ಕದರಲ್ಲಿ ಅಂತ ನೀನೇ ಹೇಳಿದೆ. ಹತ್ತುವ ಮುಂಚೆ ಕೇಳು: ಯಾರ ವಿಮಾನ, ಎಷ್ಟು ತೂಕಕ್ಕೆ ಅನುಮತಿ, ಎಷ್ಟು ಹೇರಿದ್ದೀರಿ, ಪೈಲಟ್ ನಿದ್ದೆ ಮಾಡಿ ಎಷ್ಟು ಹೊತ್ತಾಯಿತು. ನಾಲ್ಕು ಜನ ನಗಲಿ. ಸರಿಯಾದ ಉತ್ತರ ಬರದಿದ್ದರೆ ಹತ್ತಬೇಡ. ಒಂದು ದಿನ ತಡವಾದರೂ ನಿನ್ನ ಕೈಯಿಂದ ಉಳಿಯುವ ಜೀವಗಳಿವೆ. ನೀರು ಕುದಿಸಿ ಕುಡಿ, ರಾತ್ರಿ ಒಬ್ಬಳೇ ಓಡಾಡಬೇಡ, ಎರಡು ಪಾಳಿ ಒಟ್ಟಿಗೆ ಮಾಡಬೇಡ. ಇಪ್ಪತ್ತೊಂಬತ್ತು ವರ್ಷದ ನರ್ಸಿಗೆ ಅಪ್ಪ ಪಾಠ ಹೇಳುತ್ತಾನೆ ಅಂತ ಬೇಸರವಾದರೆ ಕ್ಷಮಿಸು, ಆದರೆ ಒಂದು ಸಾಲನ್ನೂ ಹೊಡೆದುಹಾಕುವುದಿಲ್ಲ.

ನೀನು ಹೋಗಬಾರದು ಅಂತ ನನಗೆ ಅನ್ನಿಸಿಲ್ಲ. ಮೊನ್ನೆ ಅದನ್ನು ಹೇಳಲು ಸಂದರ್ಭ ಸಿಗಲಿಲ್ಲ. ಐಸಿಯುನಲ್ಲಿ ಆ ಎರಡು ವರ್ಷ ನೀನು ಕಂಡದ್ದನ್ನು ಕಂಡ ಮೇಲೂ ಮತ್ತೆ ಸಂಕಟದ ಕಡೆಗೇ ನಡೆಯುತ್ತೀಯಲ್ಲ, ಅದು ನಮ್ಮಿಬ್ಬರಿಂದ ಬಂದದ್ದಲ್ಲ. ಪೆನ್ ಹಿಲ್ಸ್ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಇವತ್ತು ಹೇಳಿಕೊಂಡು ಬಂದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು, ತಡೆಯಲಿಲ್ಲ.

ಒಂದೇ ಒಂದು ವಿಷಯಕ್ಕೆ ಅವಳ ಮನಸ್ಸು ನೊಂದಿದೆ. ಹೊರಡುವ ಮುಂಚೆ ಮನೆಗೆ ಬಂದು ಹೋಗು ಅಂದದ್ದಕ್ಕೆ, ನಮಸ್ಕಾರ ಮಾಡುವುದಕ್ಕೆ ಆರು ಗಂಟೆ ಡ್ರೈವ್ ಮಾಡಬೇಕಾ ಅಂದೆಯಂತೆ. ಕ್ಲೆಮೆಂಟೆ 1971ರ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ಅಂತಿಮ ಸರಣಿ, ಗೆದ್ದ ದಿನ ನೆನಪು ಮಾಡಿಕೋ. ಬಾಲ್ಟಿಮೋರಿನಲ್ಲಿ ಏಳನೇ ಪಂದ್ಯ, ಸರಣಿಯಲ್ಲಿ .414 ಸರಾಸರಿ, ಅಂದರೆ ನೂರಕ್ಕೆ ನಲವತ್ತೊಂದು ಸಲ ಹಿಟ್, ಸರಣಿಶ್ರೇಷ್ಠ. ದೇಶವೆಲ್ಲ ಟೀವಿ ಮುಂದೆ ಕೂತಿರುವಾಗ ಆ ಮನುಷ್ಯ ಇಂಗ್ಲಿಷ್ ಮಾತಿಗೂ ಮುಂಚೆ ಸ್ಪ್ಯಾನಿಷ್‌ನಲ್ಲಿ ಅಪ್ಪ ಅಮ್ಮನ ಆಶೀರ್ವಾದ ಬೇಡಿದರು. ಅಪ್ಪ ಕಬ್ಬಿನ ಗದ್ದೆಯ ಮೇಸ್ತ್ರಿ. ಹದಿನಾಲ್ಕು ತಿಂಗಳ ನಂತರ ಆ ವಿಮಾನ. ನೋಡು, ಮತ್ತೆ ಅಲ್ಲಿಗೇ ಬಂದೆ.

ಅದಕ್ಕೆ ಶುಕ್ರವಾರ ನಾವೇ ಬರುತ್ತಿದ್ದೇವೆ. ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಇಡೀ ಅಡುಗೆಮನೆ ಕಟ್ಟುತ್ತಾಳೆ. ಮೂರು ಗಂಟೆ ಹೊತ್ತಿಗೆ ಮುಟ್ಟುತ್ತೇವೆ, ಪಾರ್ಕಿಂಗ್ ಎಲ್ಲಿ ಅಂತ ಮೆಸೇಜ್ ಹಾಕು. ಆ ಕಡೆಯ ವಿಮಾನ ಯಾರದು, ಯಾವ ಮಾದರಿ ಅಂತ ಅಷ್ಟರೊಳಗೆ ಕೇಳಿ ತಿಳಿದುಕೊಂಡಿರು.

ನಿನ್ನ
ಅಪ್ಪ