ಕಾರ್ಖಾನೆಯ ಹೊರಗಿನವರಿಗೂ ಮಾಹಿತಿ ಬೇಕು

ಮಾನ್ಯ ಸಂಪಾದಕರೇ,

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಸೋರಿ ಮನೆಗಳಿಗೆ ನುಗ್ಗಿತು. ಸ್ಟೈರೀನನ್ನು ಸದಾ ತಂಪಾಗಿಡಬೇಕು, ಇಲ್ಲವಾದರೆ ಅದು ತಾನೇ ಬಿಸಿಯೇರುತ್ತಾ ಹೋಗುತ್ತದೆ. ಲಾಕ್‌ಡೌನ್‌ನಲ್ಲಿ ವಾರಗಟ್ಟಲೆ ನಿಂತಿದ್ದ ಟ್ಯಾಂಕಿನಲ್ಲಿ ಆದದ್ದೂ ಇದೇ. ನಿದ್ದೆಗಣ್ಣಲ್ಲಿ ಓಡಿದ ಜನ ರಸ್ತೆಯಲ್ಲೇ ಕುಸಿದು ಬಿದ್ದರು. ಅವರನ್ನು ಎಚ್ಚರಿಸಬೇಕಿದ್ದ ಸೈರನ್ ಮೊಳಗಲೇ ಇಲ್ಲ.

2017ರಲ್ಲಿ ಟೆಕ್ಸಸ್‌ನ ಕ್ರಾಸ್ಬಿಯಲ್ಲಿ ಹಾರ್ವೆ ಚಂಡಮಾರುತದ ನೆರೆ ಆರ್ಕೆಮಾ ಕಾರ್ಖಾನೆಯ ಜನರೇಟರುಗಳನ್ನೂ ಬಿಡಲಿಲ್ಲ. ಶೀತಲೀಕರಣ ನಿಂತು, ಸದಾ ತಂಪಾಗಿಡಬೇಕಾದ ಪೆರಾಕ್ಸೈಡ್ ಎಂಬ ರಾಸಾಯನಿಕ ಹೊತ್ತಿ ಉರಿಯಿತು. ಸುತ್ತಲಿನವರನ್ನು ಮೊದಲೇ ತೆರವುಗೊಳಿಸಿದ್ದರಿಂದ ಜೀವಗಳು ಉಳಿದವು.

ನಮ್ಮ ಮಂಗಳೂರಿನ ಪಣಂಬೂರು, ಬೈಕಂಪಾಡಿ ಸುತ್ತಮುತ್ತ ತೈಲ, ರಸಗೊಬ್ಬರ, ಅಡುಗೆ ಅನಿಲದ ಘಟಕಗಳು ಒತ್ತೊತ್ತಾಗಿವೆ. ಮಳೆಗಾಲದಲ್ಲಿ ಕರೆಂಟು ಕೈಕೊಡುವುದು ಇಲ್ಲಿ ಹೊಸದೇನಲ್ಲ. ಅಪಾಯದ ವೇಳೆ ಏನು ಮಾಡಬೇಕೆಂದು ಅಕ್ಕಪಕ್ಕದ ನಿವಾಸಿಗಳಿಗೆ ಮೊದಲೇ ತಿಳಿಸಬೇಕು, ಕಾರ್ಖಾನೆಯ ಹೊರಗೂ ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು ಎಂದು 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳೇ ಹೇಳುತ್ತವೆ. ಆದರೆ ಅನಿಲ ಸೋರಿದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಓಡಬೇಕೆಂಬ ಸರಳ ಸಂಗತಿಯೂ ನಮ್ಮ ಬೀದಿಯಲ್ಲಿ ಬಹುತೇಕರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಅವರ ತಪ್ಪಲ್ಲ!

ಜಿಲ್ಲಾಡಳಿತ ಮುಂಗಾರಿಗೆ ಮೊದಲೇ ಪ್ರತಿ ಘಟಕದ ಬದಲಿ ವಿದ್ಯುತ್ ವ್ಯವಸ್ಥೆ ನೆರೆಮಟ್ಟಕ್ಕಿಂತ ಎತ್ತರದಲ್ಲಿದೆಯೇ ಎಂದು ಪರಿಶೀಲಿಸಲಿ. ಸೈರನ್‌ಗಳನ್ನು ಜನರ ಎದುರೇ ಪರೀಕ್ಷಿಸಲಿ. ಕನ್ನಡ, ತುಳು, ಬ್ಯಾರಿ ಭಾಷೆಗಳಲ್ಲಿ ಮನೆಮನೆಗೂ ಮಾಹಿತಿ ತಲುಪಿಸಲಿ. ಅಣಕು ಕಾರ್ಯಾಚರಣೆಯ ದಿನಾಂಕವನ್ನು ಪತ್ರಿಕೆಗಳಲ್ಲೇ ಪ್ರಕಟಿಸಲಿ.

– ಓದುಗ, ಸುರತ್ಕಲ್